ದಂಡಿನ ಹೇರು ಹೊತ್ತವರು

ತಾಲ್ಲೂಕು ಕಚೇರಿಯ ಅರ್ಜಿಯೊಂದರಲ್ಲಿ ‘ಕುಲಕಸುಬು’ ಅನ್ನೋ ಖಾನೆ ಇತ್ತು. ನಮ್ಮ ತಾಂಡಾದಲ್ಲಿ ಬಿ.ಎ. ಮುಗಿಸಿದ ಮೊದಲ ತಲೆ ನಾವು. ಆದರೂ ಆ ಖಾನೆಯ ಮುಂದೆ ಪೆನ್ನು ನಿಂತುಬಿಟ್ಟಿತು. ‘ಕೂಲಿ ಅಂತ ಬರೀರಿ, ಲಗೂ ಮುಗೀತದ’ ಅಂದ ಗುಮಾಸ್ತ. ಮನೆಗೆ ಬಂದು ಅಜ್ಜಿಯನ್ನು ಕೇಳಿದರೆ ಆಕೆ ಒಂದೇ ಮಾತು ಹೇಳಿದಳು: ‘ಲದೇಣಿ.’ ಎತ್ತಿನ ಬೆನ್ನಿಗೆ ಹೇರು ಹೇರಿ ಊರಿಂದೂರಿಗೆ ಸಾಗಿಸುವ ಕಸುಬು.

ಕಾಲೇಜಿನಲ್ಲಿ ನಾವು ಓದಿದ್ದು ಬೇರೆ. 1792ರ ಶ್ರೀರಂಗಪಟ್ಟಣ ಒಪ್ಪಂದ, ಟಿಪ್ಪು ಕಳಕೊಂಡ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಿಟ್ಟ ಇಬ್ಬರು ಮಕ್ಕಳು. ಬಾಯಿಪಾಠ ಮಾಡಿ ಪಾಸಾದೆವು. ಗೆದ್ದ ದಂಡಿಗೆ ಅಕ್ಕಿ ಹೊತ್ತು ತಂದವರು ಯಾರು ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ಹೊತ್ತವರು ನಾವು, ಲಂಬಾಣಿಗಳು. ಬಂಜಾರರು ಸಾವಿರಗಟ್ಟಲೆ ಎತ್ತು ಇಟ್ಟುಕೊಂಡು ಸೈನ್ಯದ ಜೊತೆ ಹೋಗುತ್ತಾರೆಂದು ಜಹಾಂಗೀರ್ ಬಾದಶಹ ತನ್ನ ಆತ್ಮಚರಿತ್ರೆಯಲ್ಲೇ ಬರೆದಿದ್ದಾನೆ. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ ದಾರಿಯಲ್ಲಿ ಕಂಡ ಒಂದೇ ತಾಂಡಾದಲ್ಲಿ 14,000 ಎತ್ತುಗಳಿದ್ದವು, ಎಲ್ಲದರ ಮೇಲೂ ದವಸ. ತಾಂಡಾ ಅಂದರೆ ಈಗ ಊರಾಚೆಯ ಗುಡಿಸಲು. ಆಗ ಅದು ನಡೆಯುವ ಊರು.

ದಖನ್ನಿಗೆ ದಂಡೆತ್ತಿ ಬಂದ ಷಹಜಹಾನನ ಸರದಾರ ಆಸಫ್ ಖಾನ್ ನಮ್ಮ ಜಂಗಿ, ಭಂಗಿ ನಾಯಕರಿಗೆ ತಾಮ್ರಪಟ ಕೊಟ್ಟನೆಂಬ ಕಥೆ ತಾಂಡಾಗಳಲ್ಲಿದೆ. ಎಲ್ಲಿ ಹೋದರೂ ಮನೆಯ ಹರವಿಯ ನೀರು, ಮಾಡಿನ ಹುಲ್ಲು ನಿಮ್ಮದು, ದಿನಕ್ಕೆ ಮೂರು ಕೊಲೆ ಮಾಫಿ ಅಂತ ಅದರಲ್ಲಿತ್ತಂತೆ. ಹಿರಿಯರು ಇದನ್ನು ಮೀಸೆ ತಿರುವಿ ಹೇಳುತ್ತಾರೆ. ನಮಗೆ ಮೀಸೆ ತಿರುವೋ ಹಾಗಾಗೋದಿಲ್ಲ. ಹುಲ್ಲಿನ ಮಾಡು ಯಾರದು ಗೆಳೆಯರೆ? ಅಮೀರನ ಹವೇಲಿಗೆ ಯಾರೂ ಹುಲ್ಲು ಹೊದಿಸಿರಲಿಲ್ಲ. ಬೊಕ್ಕಸದಿಂದ ಕೊಡಬೇಕಾದ ಬಾಡಿಗೆಯನ್ನು ಹೊಲೆಯರ, ಮಾದಿಗರ, ಬಡ ಒಕ್ಕಲಿನವರ ಗುಡಿಸಲಿನಿಂದ ಕಿತ್ತುಕೊಳ್ಳಿ ಅಂತ ಪ್ರಭುತ್ವ ನಮಗೆ ಹೇಳಿತು. ಅದಕ್ಕೆ ಸನ್ಮಾನ ಅಂತ ಹೆಸರಿಟ್ಟಿತು.

ಶ್ರೀರಂಗಪಟ್ಟಣಕ್ಕೆ ಬರೋಣ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಕಾದಾಟ ಗೆದ್ದ, ಗೆದ್ದೂ ಹಿಂದೆ ಸರಿದ. ಮಳೆ, ಮೇವಿಲ್ಲ, ಎತ್ತುಗಳು ಸಾಲುಸಾಲು ಸತ್ತವು. ಎಳೆಯುವ ಎತ್ತಿಲ್ಲದೆ ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ತಾನೇ ಒಡೆಸಿಹಾಕಿದ. ದಾರಿಯಲ್ಲಿ ಸಿಕ್ಕ ಮರಾಠರ ದಂಡಿನ ಬಜಾರು ಈ ಹಸಿದ ಮಿತ್ರಸೈನ್ಯಕ್ಕೆ ಬಾಯಿಗೆ ಬಂದ ಬೆಲೆಗೆ ದವಸ ಮಾರಿತು. ಪಾಠ ಕಲಿತ ಕಂಪನಿ ಮುಂದಿನ ಸಲ ನಮ್ಮವರನ್ನು ಕಟ್ಟಿಕೊಂಡು ಬಂತು. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ತಾಂಡಾಗಳನ್ನು ಒಲಿಸಿ ಕೂಡಿಸಿದ. 1792ರ ಫೆಬ್ರವರಿಯಲ್ಲಿ ಕೋಟೆ ಮುತ್ತಿದವರ ಹೊಟ್ಟೆಯಲ್ಲಿ ನಮ್ಮ ಎತ್ತು ಹೊತ್ತ ಅಕ್ಕಿ ಇತ್ತು.

ಮೈಸೂರಿನದು ಬೇರೆ ಪದ್ಧತಿ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಗಿತ್ತು. ಸರ್ಕಾರಿ ಕಾವಲು, ಸರ್ಕಾರಿ ದನ, ನೇಮಿಸಿದ ಆಳು. ಎತ್ತು ಸತ್ತರೆ ನಷ್ಟ ಸರ್ಕಾರದ್ದು. ಕಂಪನಿ ನಮ್ಮ ಜೊತೆ ಮಾಡಿದ್ದು ವ್ಯಾಪಾರ. ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಅದರ ವಿವರವಿದೆ: ತಾಂಡಾದವರು ಸ್ವಂತ ದುಡ್ಡಿನಲ್ಲೋ ಕಂಪನಿ ಕೊಟ್ಟ ಮುಂಗಡದಲ್ಲೋ ದವಸ ಕೊಳ್ಳಬೇಕು, ದಂಡಿನ ಬಜಾರಿನಲ್ಲಿ ಆ ದಿನದ ಧಾರಣೆಗೆ ಮಾರಬೇಕು. ಸಂಬಳವಿಲ್ಲ, ಪಿಂಚಣಿಯಿಲ್ಲ. ಬೆಲೆ ಏರಿದಾಗ ನಾಯಕರು ಚೆನ್ನಾಗಿಯೇ ಉಂಡರು, ಅದನ್ನೂ ಹೇಳಬೇಕು. ಆದರೆ ದಾರಿಯಲ್ಲಿ ಸತ್ತ ಎತ್ತು, ಲೂಟಿಯಾದ ಗೋಣಿ, ಬಾಣಂತಿ ನಡೆದ ಹರದಾರಿಗಳು ಕಂಪನಿಯ ಲೆಕ್ಕದಲ್ಲಿ ಬರಲಿಲ್ಲ. ಈಗ ಕಬ್ಬು ಕಡಿಯಲು ಹೋಗುವ ನಮ್ಮ ಜನಕ್ಕೆ ಮುಕಾದಮ ಕೊಡುವ ಮುಂಗಡವೂ ಇದೇ ಜಾತಿಯದು. ಎತ್ತು ಸತ್ತೀತು, ಸಾಲ ಸಾಯೋದಿಲ್ಲ.

ಆಮೇಲೆ ಟಿಪ್ಪು ಇಲ್ಲ, ಮರಾಠರಿಲ್ಲ. 1853ರಿಂದ ರೈಲು ಬಂತು. ನಮ್ಮ ಎತ್ತು ಯಾರಿಗೂ ಬೇಡವಾಯಿತು. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂತು, ಮುಂದೆ ಹಲವು ಕಡೆ ಬಂಜಾರರನ್ನೂ ಆ ಪಟ್ಟಿಗೆ ಸೇರಿಸಿದರು. ಅಲೆಯುತ್ತಾರೆ, ಆದ್ದರಿಂದ ಕಳ್ಳರು! ಅಲೆದದ್ದು ಯಾರ ಅಕ್ಕಿಗಾಗಿ ಅಂತ ಪೊಲೀಸ್ ಠಾಣೆಯಲ್ಲಿ ಕೇಳುವವರಿರಲಿಲ್ಲ. ಆ ಕಾಯ್ದೆ ಹೋಗಲು 1952 ಬರಬೇಕಾಯಿತು.

ಇದು ಎತ್ತಿನ ಕಾಲದ ಮಾತು ಅಂತ ಬಿಡೋಣವೆಂದರೆ ಲಾರಿಯ ಕಾಲದಲ್ಲೂ ಯುದ್ಧ ಹೀಗೇ ನಡೆದಿದೆ. 2003ರಲ್ಲಿ ಇರಾಕಿಗೆ ನುಗ್ಗಿದ ಅಮೆರಿಕದ ಸೈನ್ಯಕ್ಕೆ ಊಟ, ಇಂಧನ, ಸಾಗಾಟ ಬಹುಪಾಲು ಕೆ.ಬಿ.ಆರ್. ಕಂಪನಿಯ ಗುತ್ತಿಗೆ. ಆದ ಖರ್ಚು ಪೂರ್ತಿ, ಮೇಲೆ ಶೇಕಡಾ 1ರಿಂದ 3ರವರೆಗೆ ಲಾಭ. ಖರ್ಚು ಹೆಚ್ಚಿದರೆ ಕಂಪನಿಗೇನು ಸಂಕಟ? ಗುಂಡು ಹಾರುವ ದಾರಿಯಲ್ಲಿ ಖಾಲಿ ಲಾರಿ ಓಡಿಸಿದೆವು ಅಂತ ಚಾಲಕರೇ 2004ರಲ್ಲಿ ಪತ್ರಿಕೆಯವರಿಗೆ ಹೇಳಿದರು. ಆ ವರ್ಷ ಜುಲೈಯಲ್ಲಿ ಕುವೈತಿನ ಸಾರಿಗೆ ಕಂಪನಿಯೊಂದರ ಏಳು ಚಾಲಕರನ್ನು ಇರಾಕಿನಲ್ಲಿ ಒತ್ತೆ ಹಿಡಿದರು. ಮೂವರು ಭಾರತದವರು, ಮೂವರು ಕೆನ್ಯಾದವರು, ಒಬ್ಬ ಈಜಿಪ್ಟಿನವ. ಸೆಪ್ಟೆಂಬರ್ 1ರಂದು ಬಿಡುಗಡೆಯಾಯಿತು, ಬದುಕಿದರು. ಗುತ್ತಿಗೆಯ ಕೆಲಸದಲ್ಲಿ ಸತ್ತವರ ಹೆಸರು ಅಮೆರಿಕದ ಸೈನ್ಯದ ಪಟ್ಟಿಯಲ್ಲಿ ಸಿಗೋದಿಲ್ಲ. ಅವರನ್ನು ಎಣಿಸಬೇಕೆಂದರೆ ಕಾರ್ಮಿಕ ಇಲಾಖೆಯ ವಿಮಾ ಅರ್ಜಿಗಳನ್ನು ನೋಡಬೇಕು.

ನಮ್ಮ ತಾಂಡಾದ ಹುಡುಗನೊಬ್ಬ ಹೆವಿ ಲೈಸೆನ್ಸ್ ಮಾಡಿಸಿಕೊಂಡು ಕುವೈತಿಗೆ ಹೊರಟಿದ್ದಾನೆ. ಏಜೆಂಟ್ ಕೊಟ್ಟ ಕರಾರುಪತ್ರ ಅರಬ್ಬಿ ಮತ್ತು ಇಂಗ್ಲಿಷಿನಲ್ಲಿದೆ. ‘ಅಣ್ಣಾ, ಓದಿ ಹೇಳು’ ಅಂತ ತಂದ. ಎರಡು ರಾತ್ರಿ ಕೂತು ಇಂಗ್ಲಿಷ್ ಭಾಗ ಓದಿದೆವು. ಕಂಪನಿ ಹೇಳಿದ ಯಾವ ದೇಶಕ್ಕಾದರೂ ಹೇರು ಒಯ್ಯಬೇಕೆಂದು ಒಂದು ಕಲಮು. ಲಾರಿಗೆ, ಸರಕಿಗೆ ವಿಮೆ ಇದೆ ಅಂತ ಇನ್ನೊಂದು. ಚಾಲಕನ ವಿಮೆ ಎಲ್ಲಿದೆ, ಎಷ್ಟಿದೆ ಅಂತ ಕೇಳಿ ಏಜೆಂಟನಿಗೆ ರಿಜಿಸ್ಟರ್ಡ್ ಪತ್ರ ಹಾಕಿದ್ದೇವೆ. ಉತ್ತರ ಬರೋವರೆಗೆ ಪಾಸ್‌ಪೋರ್ಟ್ ಅವನ ಕೈಗೆ ಕೊಡಬ್ಯಾಡ ಅಂತ ಹುಡುಗನಿಗೂ ಅವನ ಯಾಡಿಗೂ ಹೇಳಿದ್ದೇವೆ.