ನೋಡಾನ

ಶೇಂಗಾ ಕಿತ್ತಾದ ಮೇಲೆ ಹೊಲ ಬರಿದಾಗಿ ಬಿದ್ದಿತ್ತು. ನಾಲ್ಕು ರಾತ್ರಿ ಕುರಿಮಂದೆ ನಿಲ್ಲಿಸಿದರೆ ಮುಂದಿನ ಬೆಳೆಗೆ ಗೊಬ್ಬರದ ಚಿಂತೆ ಇಲ್ಲ ಎಂದು ದೊಡ್ಡಪ್ಪ ಹೇಳಿದ. ಕೇಳಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡಉಳ್ಳಾರ್ತಿಯಲ್ಲಿ ಕುರಿ ಯಜಮಾನರು ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದರು. ನಾನು ವಿಷಯ ಹೇಳಿದೆ. ಅವರು ಎಳೆಯಿಂದ ಕಣ್ಣು ಕೀಳದೆ ತಲೆ ಆಡಿಸಿದರು. ಆ ತಲೆ ಮೇಲೆ ಕೆಳಗೆ ಆಡಲಿಲ್ಲ, ಎಡಕ್ಕೆ ಬಲಕ್ಕೆ ತಿರುಗಲೂ ಇಲ್ಲ. ಗಲ್ಲ ಇದ್ದಲ್ಲೇ ಇತ್ತು, ನೆತ್ತಿ ಮಾತ್ರ ತೊಟ್ಟಿಲಿನ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿತು. “ನೋಡಾನ ಕಣಪ್ಪ” ಅಂದರು. ನಾನು ಖುಷಿಯಿಂದ ಮನೆಗೆ ಬಂದು “ಆಯ್ತು ದೊಡ್ಡಪ್ಪ, ಒಪ್ಪಿದ್ರು” ಅಂದೆ. ದೊಡ್ಡಪ್ಪ ನಾಲಿಗೆ ಲೊಚಗುಟ್ಟಿದ.

ಈ ಲೊಚಗುಟ್ಟುವುದೇ ಒಂದು ವಿಚಿತ್ರ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಆಗ ಆಡುತ್ತಿದ್ದ ಮಾತು ನಿಜವೆಂದು ಲೆಕ್ಕ. ಅಜ್ಜಿ ನೆಲಕ್ಕೆ ಬೆರಳು ಬಡಿದು “ಕೃಷ್ಣ ಕೃಷ್ಣ, ನೋಡು, ಹಲ್ಲಿ ನುಡೀತು” ಅನ್ನುತ್ತಿದ್ದಳು. ಅದೇ ಸದ್ದು ಮನುಷ್ಯನ ಬಾಯಿಂದ ಬಂದರೆ “ಇಲ್ಲ” ಎಂದರ್ಥ. ಗ್ರೀಸು, ಟರ್ಕಿಗಳಲ್ಲೂ ತಲೆ ಹಿಂದಕ್ಕೆ ಎತ್ತಿ ಹೀಗೆ ಲೊಚ್ ಅಂದರೆ ನಿರಾಕರಣೆಯಂತೆ. ಬಲ್ಗೇರಿಯದವರು ಇನ್ನೂ ಒಂದು ಹೆಜ್ಜೆ ಮುಂದೆ. ನಾವು ಹೌದೆನ್ನಲು ಆಡಿಸುವ ಹಾಗೆ ತಲೆಯನ್ನು ಮೇಲೆ ಕೆಳಗೆ ಆಡಿಸಿ ಅವರು ಇಲ್ಲ ಅನ್ನುತ್ತಾರೆ. ಡಾರ್ವಿನ್ 1872ರಲ್ಲಿ ಭಾವಾಭಿವ್ಯಕ್ತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ತಲೆಯಾಟದ ಮೂಲ ಹುಡುಕಲು ಹೊರಟು ತೊಟ್ಟಿಲವರೆಗೂ ಹೋಗಿದ್ದಾನೆ. ಹೊಟ್ಟೆ ತುಂಬಿದ ಕೂಸು ಮೊಲೆಯಿಂದ ಮುಖ ಪಕ್ಕಕ್ಕೆ ತಿರುಗಿಸುತ್ತದಲ್ಲ, ಅಡ್ಡಡ್ಡ ತಲೆಯಾಡಿಸುವುದು ಅಲ್ಲಿಂದ ಬಂದಿರಬೇಕು ಎಂದು ಅವನ ಊಹೆ. ಇರಬಹುದು. ಆದರೆ ನಮ್ಮ ತೊಟ್ಟಿಲ ತೂಗಾಟಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಒಪ್ಪಿಗೆಯ ತಲೆ ನೋಡಬೇಕೆಂದರೆ ಕೋಲೆ ಬಸವನನ್ನು ನೋಡಬೇಕು. ಬೆನ್ನ ಮೇಲೆ ಬಣ್ಣದ ಬಟ್ಟೆ, ಕೊಂಬಿಗೆ ಕುಚ್ಚು, ಹಣೆಗೆ ಕವಡೆ. “ಅಮ್ಮಾವ್ರ ಮಗನಿಗೆ ಕೆಲಸ ಸಿಗ್ತದಾ ಬಸವಣ್ಣ?” ಎಂದರೆ ಗೋಣು ಹಾಕುತ್ತದೆ. “ಈ ವರ್ಷ ಮಳೆ ಬರ್ತದಾ?” ಅದಕ್ಕೂ ಹಾಕುತ್ತದೆ. ಚಳ್ಳಕೆರೆ ಸೀಮೆಯಲ್ಲಿ ನಿಂತು ಆ ಎರಡನೆಯ ಪ್ರಶ್ನೆಗೆ ಗೋಣು ಹಾಕಲು ಎತ್ತಿಗಾದರೂ ಎಷ್ಟು ಧೈರ್ಯ ಬೇಕು! ಮೂಗುದಾರ ಯಜಮಾನನ ಕೈಯಲ್ಲಿರುತ್ತದೆ ಎಂಬುದು ಬೇರೆ ಮಾತು.

ದೊಡ್ಡಪ್ಪ ಯಾಕೆ ಲೊಚಗುಟ್ಟಿದ ಎಂದು ತಲೆ ಕೆಡಿಸಿಕೊಂಡು ನಿಘಂಟು ತೆರೆದೆ. ನಮ್ಮ ‘ಹೌದು’ ಮೂಲತಃ ಒಪ್ಪಿಗೆಯೇ ಅಲ್ಲ. ಹಳಗನ್ನಡದ ‘ಅಪ್ಪುದು’ ನಡುಗನ್ನಡದಲ್ಲಿ ‘ಅಹುದು’ ಆಗಿ, ಕಡೆಗೆ ಹಕಾರ ಮುಂದಕ್ಕೆ ನುಗ್ಗಿ ‘ಹೌದು’ ಆಯಿತು. ಬೇರು ‘ಆಗು’. ಅಂದರೆ ಹೌದೆಂದವನು ‘ಅದು ಆಗುವಂಥದ್ದು’ ಎಂದಷ್ಟೇ ಹೇಳಿದ. ‘ನಾನು ಮಾಡುತ್ತೇನೆ’ ಎಂದು ಎಲ್ಲಿ ಹೇಳಿದ? ನಮ್ಮ ಸೀಮೆಯ ಅರ್ಧ ಮನೆಗಳಲ್ಲಿ ಆಡುವ ತೆಲುಗಿನ ‘ಅವುನು’ ಕೂಡ ಇದೇ ಬೇರಿನದು. ‘ಆಯ್ತು’, ‘ಆಗ್ಲಿ’ ಎಲ್ಲ ಅದರ ಮಕ್ಕಳೇ.

ಇಲ್ಲ ಅನ್ನುವುದರಲ್ಲಿ ಮಾತ್ರ ಕನ್ನಡ ಸಿರಿವಂತ ಭಾಷೆ. ಅಲ್ಲ, ಇಲ್ಲ, ಬೇಡ, ಒಲ್ಲೆ, ಆಗದು, ಕೂಡದು, ಬಾರದು, ಊಹೂಂ. ಇಂಗ್ಲಿಷಿನವರ ಒಂಟಿ ‘ನೋ’ ಅಲ್ಲ ಮತ್ತು ಇಲ್ಲ ಎರಡಕ್ಕೂ ದುಡಿಯಬೇಕು. ತೆಲುಗಿನವರಿಗೆ ನಮ್ಮ ಹಾಗೇ ಕಾದು ಬೇರೆ, ಲೇದು ಬೇರೆ. ‘ಒಲ್ಲೆ’ಯ ಮೂಲ ನೋಡಿದರೆ ‘ಒಲ್’, ಒಲವಿನ ಬೇರು. ಒಲವಿಲ್ಲ ಎಂಬುದೇ ನಿರಾಕರಣೆ. ಹಳಗನ್ನಡಕ್ಕೆ ಅಲ್ಲಗಳೆಯಲು ಬೇರೆ ಪದವೇ ಬೇಕಿರಲಿಲ್ಲ. ‘ಕೊಡುವೆಂ’ ಅಂದರೆ ಕೊಡುತ್ತೇನೆ. ನಡುವಿನ ಕಾಲಸೂಚಕ ತೆಗೆದು ‘ಕೊಡೆಂ’ ಅಂದರೆ ಕೊಡುವುದಿಲ್ಲ. ನಿನ್ನೆ ಇಲ್ಲ, ಇವತ್ತಿಲ್ಲ, ನಾಳೆಯೂ ಇಲ್ಲ. ನಿರಾಕರಣೆಗೆ ಕಾಲದ ಹಂಗೇ ಇಲ್ಲ. ‘ನಾ ಕಾಣೆ’ ಎಂದು ಕೈ ತಿರುವುವಾಗ ನಾವು ಈಗಲೂ ಆಡುವುದು ಆ ಕನ್ನಡವನ್ನೇ.

ಇಷ್ಟು ಸಿರಿ ಇಟ್ಟುಕೊಂಡೂ ನಮ್ಮವರು ಅದನ್ನು ಖರ್ಚು ಮಾಡುವುದಿಲ್ಲ. ಭಿಕ್ಷೆಗೆ ಬಂದವನಿಗೆ “ಮುಂದಕ್ಕೆ ಹೋಗಪ್ಪ”. ಸಾಲ ಕೇಳಿದವನಿಗೆ “ಶೇಂಗಾ ಮಾರ್ಲಿ ತಡಿ”. ಹೆಣ್ಣು ಕೇಳಲು ಬಂದವರಿಗೆ “ಹಿರೇರನ್ನ ಒಂದ್ ಮಾತು ಕೇಳಿ ಹೇಳ್ತೀವಿ”. ಇಲ್ಲ ಎಂಬ ಪದ ಬಾಯಿಂದ ಬೀಳುವುದೇ ಇಲ್ಲ. ಒಪ್ಪಿಗೆಯನ್ನೂ ಬರೀ ಬಾಯಿಮಾತಿನಲ್ಲಿ ನಂಬುವುದಿಲ್ಲ. ಮದುವೆಗೆ ಒಪ್ಪವೀಳ್ಯ ಆಗಬೇಕು, ಎಲೆ ಅಡಿಕೆ ಕೈ ಬದಲಾಗಬೇಕು. ವ್ಯಾಪಾರಕ್ಕೆ ಸಂಚಕಾರ ಕೊಡಬೇಕು. ಈ ಸಂಚಕಾರ ಸಂಸ್ಕೃತದ ‘ಸತ್ಯಂಕಾರ’ದ ತದ್ಭವ, ಮಾತನ್ನು ಸತ್ಯ ಮಾಡುವ ದುಡ್ಡು. ಈಗ ಸಂಚಕಾರ ಬಂತು ಅಂದರೆ ಆಪತ್ತು ಬಂತೆಂದೇ ಅರ್ಥ. ಮುಂಗಡ ಕೊಟ್ಟು ಕೆಟ್ಟವರು ಎಷ್ಟು ಮಂದಿಯೋ.

ಆ ಕುರಿ ಯಜಮಾನರ ಊರಿನ ಹೆಸರು ಹೊತ್ತ ಉಳ್ಳಾರ್ತಿ ಕಾವಲಿನ ಕತೆಯಲ್ಲೂ ಒಪ್ಪಿಗೆಯ ತಕರಾರಿದೆ. ಅಮೃತಮಹಲ್ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಮೀಸಲಿದ್ದ ಹುಲ್ಲುಗಾವಲು ಅದು. ಕುರಿಗಳೂ ಅಲ್ಲೇ ಮೇಯುತ್ತಿದ್ದವು. ಅಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಕೊಟ್ಟರು, ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ವರವು ಕಾವಲಿನಲ್ಲಿ ಡಿಆರ್‌ಡಿಓದ ವಿಮಾನ ಪರೀಕ್ಷಾ ನೆಲೆ 2017ರ ಮೇ 28ರಂದು ಉದ್ಘಾಟನೆಯಾಯಿತು. ನಮ್ಮನ್ನು ಕೇಳಲೇ ಇಲ್ಲ ಎಂದು ಹಳ್ಳಿಗಳವರು ಹೇಳಿದರು, ಪ್ರಕರಣ ಚೆನ್ನೈನ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಮಾಡಿದವರು ಯಾರೋ, ಅವರು ಈ ಸೀಮೆಯ ಕಟ್ಟೆಯ ಮೇಲೆ ಒಂದು ಸಂಜೆಯೂ ಕೂತವರಲ್ಲ. ಇಲ್ಲಿ ಒಪ್ಪಿದವನು ಕಥೆ ಕೇಳುವ ಮಗುವಿನ ಹಾಗೆ ಸಾಲಿಗೊಂದು ಸಲ ಹೂಂಗುಟ್ಟುತ್ತಾನೆ. ಹೂಂ ನಿಂತಿತೆಂದರೆ ಒಂದೋ ನಿದ್ದೆ, ಇಲ್ಲವೇ ಒಲ್ಲೆ.

ಆ ಸಲ ಮಂದೆ ಬರಲಿಲ್ಲ. ವಾರ ಕಾದೆವು, ಹದಿನೈದು ದಿನ ಕಾದೆವು. ಮರುವರ್ಷ ಜಾತ್ರೆಯಲ್ಲಿ ಯಜಮಾನರು ಸಿಕ್ಕಾಗ ಸ್ವಲ್ಪ ಮುನಿಸಿನಿಂದಲೇ “ಬರ್ತೀನಿ ಅಂದು ಬರ್ಲೇ ಇಲ್ಲವಲ್ಲ ಯಜಮಾನ್ರೇ” ಅಂದೆ. ಅವರಿಗೆ ನಿಜವಾಗಿ ಆಶ್ಚರ್ಯವಾಯಿತು.

“ಅವತ್ತೇ ಬ್ಯಾಡ ಅಂದಿದ್ನಲ್ಲಪ್ಪ, ನಿಂಗೆ ಕೇಳಿಸ್ಲಿಲ್ವಾ?”

ಹೊಲಕ್ಕೆ ಆ ವರ್ಷ ಟ್ರ್ಯಾಕ್ಟರಿನಲ್ಲಿ ಆರು ಲೋಡು ತಿಪ್ಪೆಗೊಬ್ಬರ ಹೊಡೆಸಿದ್ದೆವು.