ಕೇದಾರದ ಹಾದಿಯಲ್ಲಿ ಬೆಚ್ಚನೆಯ ಚೀಲ

ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವು ಹಿಮಾಲಯದ ಮಡಿಲಿನ ಉಖೀಮಠದಲ್ಲಿ ನೆಲೆಗೊಂಡಿರುವುದು ನಮ್ಮ ಸಮಾಜ ಬಾಂಧವರಿಗೆ ತಿಳಿದ ಸಂಗತಿ. ಕೇದಾರನಾಥದ ರಾವಲರು ವೀರಶೈವ ಜಂಗಮ ಪರಂಪರೆಗೆ ಸೇರಿದವರು. ಅವರ ಅಪ್ಪಣೆಯಂತೆ ಅಲ್ಲಿ ಪೂಜೆ ಸಲ್ಲಿಸುವ ಅರ್ಚಕರು ಬಹುಮಟ್ಟಿಗೆ ಕನ್ನಡ ನಾಡಿನಿಂದಲೇ ಹೋದವರು. ಆದ್ದರಿಂದ ದೂರದ ಆ ಬೆಟ್ಟಗಳಲ್ಲಿ ಕಾಲಿಟ್ಟ ಕನ್ನಡಿಗನಿಗೆ ತವರಿನ ಬಾಗಿಲಿಗೆ ಬಂದ ಭಾವನೆ ಮೂಡುವುದು ಸಹಜ. ಆದರೆ ಅಲ್ಲಿಯ ಚಳಿ ಮಾತ್ರ ತವರಿನದಲ್ಲ. ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ನಮ್ಮ ಮೈಗಳಿಗೆ ಆ ಚಳಿಯನ್ನು ಎದುರಿಸುವ ಸಿದ್ಧತೆಯೂ ಯಾತ್ರೆಯ ಒಂದು ಅಂಗವೇ ಆಗಬೇಕು.

ದಸರೆಯ ನಂತರ ನಮ್ಮ ಏಳು ಜನರ ತಂಡವು ಉಖೀಮಠದ ಓಂಕಾರೇಶ್ವರ ದೇವಾಲಯ, ಪಂಚಕೇದಾರಗಳಲ್ಲಿ ಒಂದಾದ ತುಂಗನಾಥ ಹಾಗೂ ಕೊನೆಯಲ್ಲಿ ಕೇದಾರನಾಥದ ದರ್ಶನವನ್ನು ಬಯಸಿ ಹೊರಟಿತು. ನಮ್ಮೊಡನೆ ಎಪ್ಪತ್ತು ದಾಟಿದ ಹಿರಿಯ ತಾಯಿಯೊಬ್ಬರಿದ್ದರು. ತಂಡದವರೆಲ್ಲ ಅವರನ್ನು ಅವ್ವ ಎಂದೇ ಕರೆಯುತ್ತಿದ್ದೆವು. ಉಖೀಮಠವಿರುವುದು ಸುಮಾರು 1,300 ಮೀಟರು ಎತ್ತರದಲ್ಲಿ. ಕೇದಾರನಾಥ 3,583 ಮೀಟರು, ತುಂಗನಾಥ ಸುಮಾರು 3,680 ಮೀಟರು. ಬೆಟ್ಟ ಏರಿದಂತೆ ಪ್ರತಿ 1,000 ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಉಖೀಮಠದಲ್ಲಿ ರಾತ್ರಿ 12 ಡಿಗ್ರಿ ಇದ್ದರೆ, ಅದೇ ರಾತ್ರಿ ತುಂಗನಾಥದಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇರುತ್ತದೆ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ತುಂಗನಾಥಕ್ಕೆ ಹೋಗುವವರು ಚೋಪ್ತಾದವರೆಗೆ ವಾಹನದಲ್ಲಿ ಹೋಗಿ, ಅಲ್ಲಿಂದ ಮೂರೂವರೆ ಕಿಲೋಮೀಟರಿನಷ್ಟು ನಡೆದು ಏರಬೇಕು. ಆ ಭಾಗದಲ್ಲಿ ಕಟ್ಟಡದ ವಸತಿ ವಿರಳ. ಯಾತ್ರಿಕರು ಡೇರೆಗಳಲ್ಲಿ ರಾತ್ರಿ ಕಳೆಯುವುದೇ ಹೆಚ್ಚು. ಕೇದಾರನಾಥದಲ್ಲಿಯೂ ಜನಸಂದಣಿಯ ದಿನಗಳಲ್ಲಿ ಡೇರೆಯೇ ಗತಿ. ಡೇರೆಯೊಳಗೆ ಮಲಗುವವರಿಗೆ ಸ್ಲೀಪಿಂಗ್ ಬ್ಯಾಗ್, ಅಂದರೆ ಒಳಹೊಕ್ಕು ಮಲಗುವ ದಪ್ಪನೆಯ ಚೀಲ, ಬೇಕೇ ಬೇಕು. ಹೊಸದಾಗಿ ಕೊಳ್ಳಲು ಹೋದರೆ ಒಳ್ಳೆಯ ಚೀಲದ ಬೆಲೆ ಮಧ್ಯಮ ವರ್ಗದ ಕುಟುಂಬಕ್ಕೆ ಭಾರವಾಗುತ್ತದೆ. ಹೀಗಾಗಿ ಅನೇಕರು ಮಿಲಿಟರಿ ಡಿಸ್ಪೋಸಲ್ ಅಂಗಡಿಗಳತ್ತ ಮುಖ ಮಾಡುತ್ತಾರೆ. ನಾವೂ ಹಾಗೆಯೇ ಹರಿದ್ವಾರದಿಂದ ಡೆಹರಾಡೂನಿಗೆ ಹೋದೆವು. 1932ರಿಂದ ಸೈನಿಕ ಅಧಿಕಾರಿಗಳ ತರಬೇತಿ ಅಕಾಡೆಮಿಯನ್ನು ಹೊಂದಿರುವ ಆ ಊರಿನಲ್ಲಿ ಸೈನ್ಯದ ಬಳಕೆಯ ಸರಕಿಗೆ ಹಳೆಯ ಗಿರಾಕಿಗಳುಂಟು.

ಅಂಗಡಿಯವನು ಹಸಿರು ಬಣ್ಣದ ಒಂದು ಚೀಲವನ್ನು ಹರವಿ, ಹೊರದೇಶದ ಸೈನ್ಯದ ಅಸಲಿ ಮಾಲು ಇದು, ಇದಕ್ಕಿಂತ ಬೆಚ್ಚಗಿನದು ಬೇರೆ ಸಿಗದು ಎಂದು ಹಿಂದಿಯಲ್ಲಿ ಹೊಗಳಿದನು. ಅವ್ವನವರು ಚೀಲವನ್ನು ಕೈಯಿಂದ ಒತ್ತಿ ನೋಡಿದರು. ಬಟ್ಟೆಯೊಳಗಿಂದ ಮುಳ್ಳಿನಂಥದೇನೋ ಬೆರಳಿಗೆ ಚುಚ್ಚಿತು.

“ತಮ್ಮಾ, ಇದರಾಗ ಏನು ತುಂಬ್ಯಾರ ಕೇಳು” ಎಂದರು.

ಬಾತುಕೋಳಿಯ ಗರಿ ಎಂಬ ಉತ್ತರ ಬಂದಿತು. ಅವ್ವನವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಒಲ್ಲೆಪ್ಪಾ. ಕೊರಳಾಗ ಲಿಂಗ ಕಟ್ಟಿಕೊಂಡು ಹಕ್ಕಿ ಗರಿಯೊಳಗ ಹೆಂಗ ಮಲಗಲಿ? ನನ್ನ ಕಂಬಳಿನ ಸಾಕು.”

ಆ ಮಾತು ನಮ್ಮನ್ನು ಚಿಂತೆಗೆ ಹಚ್ಚಿತು. ಕಂಬಳಿಯೊಂದನ್ನೇ ನಂಬಿ ಆ ವಯಸ್ಸಿನವರನ್ನು ಹೆಪ್ಪುಗಟ್ಟುವ ಚಳಿಯಲ್ಲಿ ಮಲಗಿಸುವುದು ಸಾಧ್ಯವಿರಲಿಲ್ಲ. ಅವರ ಆಚಾರಕ್ಕೆ ಭಂಗ ತಂದು ಯಾತ್ರೆ ಮಾಡಿಸುವುದೂ ಯಾತ್ರೆಯೆನಿಸದು. ಅವರನ್ನು ಉಖೀಮಠದಲ್ಲಿಯೇ ಬಿಟ್ಟು ಮುಂದೆ ಹೋಗೋಣವೆಂಬ ಸಲಹೆಯೂ ನಮ್ಮಲ್ಲಿ ಒಬ್ಬರ ಬಾಯಿಂದ ಬಂದಿತು. ಆದರೆ ಈ ಇಕ್ಕಟ್ಟಿಗೆ ಪರಿಹಾರವು ಸೈನ್ಯದ ಸರಕಿನ ಇತಿಹಾಸದಲ್ಲಿಯೇ ಇದೆ ಎಂಬುದನ್ನು ಓದುಗರು ಗಮನಿಸಬೇಕು.

ಹಳೆಯ ಕಾಲದ ಸೈನ್ಯದ ಚೀಲಗಳಲ್ಲಿ ಹಕ್ಕಿಯ ಗರಿ ಹಾಗೂ ತುಪ್ಪಳವನ್ನೇ ತುಂಬುತ್ತಿದ್ದರು. ಅಮೆರಿಕ ಸೈನ್ಯದ 1949ರ ಮಾದರಿಯ ಪರ್ವತ ಚೀಲ, ಬ್ರಿಟಿಷ್ ಸೈನ್ಯದ 1958ರ ಮಾದರಿಯ ಚೀಲ, ಇವೆರಡೂ ಆ ಬಗೆಯವು. ಬಾತು, ಹೆಬ್ಬಾತುಗಳ ಎದೆಯ ಮೃದುವಾದ ಈ ತುಪ್ಪಳವನ್ನು ಇಂಗ್ಲಿಷಿನಲ್ಲಿ ಡೌನ್ ಎನ್ನುತ್ತಾರೆ. ಇದು ಬಹುಪಾಲು ಮಾಂಸಕ್ಕಾಗಿ ಕೊಲ್ಲುವ ಹಕ್ಕಿಗಳಿಂದಲೇ ಬರುತ್ತದೆ. ತೂಕದಲ್ಲಿ ಹಗುರವಾಗಿ ಹೆಚ್ಚು ಬೆಚ್ಚಗಿಡುವ ಗುಣ ಅದಕ್ಕುಂಟು, ನಿಜ. ಆದರೆ ಒದ್ದೆಯಾದೊಡನೆ ಅದು ಮುದ್ದೆಯಾಗಿ ಕುಗ್ಗಿ ನಿರುಪಯೋಗಿಯಾಗುತ್ತದೆ, ಬೇಗ ಒಣಗುವುದೂ ಇಲ್ಲ. ಮಳೆ, ಮಂಜು, ಕೆಸರುಗಳಲ್ಲಿ ಮಲಗಬೇಕಾದ ಸೈನಿಕನಿಗೆ ಇದು ದೊಡ್ಡ ತೊಡಕು. ಆದುದರಿಂದ ಸೈನ್ಯಗಳು ಕ್ರಮೇಣ ಪಾಲಿಯೆಸ್ಟರಿನಂಥ ಕೃತಕ ನಾರಿನ ಕಡೆಗೆ ತಿರುಗಿದವು. 1990ರ ದಶಕದಲ್ಲಿ ಅಮೆರಿಕ ಸೈನ್ಯವು ಬಳಕೆಗೆ ತಂದ ಜೋಡಿ ಚೀಲಗಳಲ್ಲಿ ಹಕ್ಕಿಯ ಗರಿಯೇ ಇಲ್ಲ. ತೆಳುವಾದ ಹಸಿರು ಚೀಲ ಒಂದು, ದಪ್ಪನೆಯ ಕಪ್ಪು ಚೀಲ ಇನ್ನೊಂದು, ಇವೆರಡರ ಮೇಲೆ ನೀರು ತಡೆಯುವ ಹೊದಿಕೆ. ಸೆಕೆಯಿದ್ದರೆ ಒಂದು, ಚಳಿ ಹೆಚ್ಚಿದರೆ ಒಂದರೊಳಗೊಂದು ಸೇರಿಸಿ ಎರಡೂ. ಮೂರೂ ಸೇರಿ 4 ಕೆ.ಜಿ.ಗೂ ಹೆಚ್ಚು ತೂಗುತ್ತವೆಂಬುದೊಂದೇ ಅನನುಕೂಲ.

ಹೀಗೆ ಸೈನ್ಯವು ತನ್ನ ಅನುಭವದಿಂದ ಕಂಡುಕೊಂಡದ್ದು ನಮ್ಮ ಅಹಿಂಸಾ ಧರ್ಮಕ್ಕೂ ಒಪ್ಪುವಂಥದಾಯಿತು. ಕೃತಕ ನಾರು ಒದ್ದೆಯಾದರೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ನಾರಿನ ಚೀಲವನ್ನೇ ತೋರಿಸು ಎಂದು ಕೇಳಿದಾಗ ಅಂಗಡಿಯವನು ಒಳಗಿನಿಂದ ಮತ್ತೊಂದು ಕಟ್ಟು ತಂದನು. ಒಳಬದಿಗೆ ಹೊಲಿದಿದ್ದ ಪಟ್ಟಿಯಲ್ಲಿ ತುಂಬಿದ ವಸ್ತು ಪಾಲಿಯೆಸ್ಟರ್ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅದನ್ನು ಓದಿ ಹೇಳಿದ ಮೇಲೆಯೇ ಅವ್ವನವರು ತಲೆಯಾಡಿಸಿದರು. ಪಟ್ಟಿ ಹರಿದುಹೋದ ಚೀಲವನ್ನು, ಮಾರುವವನ ಮಾತೊಂದನ್ನೇ ನಂಬಿ ಕೊಳ್ಳದಿರುವುದು ಲೇಸು. ಮಿಲಿಟರಿ ಮಾಲು ಎಂಬ ಹೆಸರಿನಲ್ಲಿ ಹಸಿರು ಬಟ್ಟೆಯ ಸಾಮಾನ್ಯ ಸರಕನ್ನು ಮಾರುವವರೂ ಇದ್ದಾರೆ.

ಆರಿಸುವಾಗ ಮತ್ತೆ ಕೆಲವು ಸಂಗತಿಗಳನ್ನು ನೋಡಬೇಕು. ಚೀಲವು ತಾನಾಗಿ ಬಿಸಿ ಕೊಡುವುದಿಲ್ಲ. ನಮ್ಮ ಮೈಯ ಬಿಸಿಯನ್ನು ಹೊರಹೋಗದಂತೆ ಕಾಯುವುದಷ್ಟೇ ಅದರ ಕೆಲಸ. ನಾರಿನ ನಡುವೆ ನಿಂತ ಗಾಳಿಯೇ ಆ ಕಾವಲುಗಾರ. ವರ್ಷಗಟ್ಟಲೆ ಉಗ್ರಾಣದಲ್ಲಿ ಅದುಮಿಟ್ಟ ಚೀಲದ ನಾರು ಚಪ್ಪಟೆಯಾಗಿದ್ದರೆ ಗಾಳಿಗೆ ಜಾಗವಿರದು. ಆದ್ದರಿಂದ ಚೀಲವನ್ನು ಕೊಡವಿ, ಅರ್ಧ ಗಂಟೆ ಹರವಿಟ್ಟು, ಅದು ಉಬ್ಬುವುದೋ ಎಂದು ನೋಡಬೇಕು. ಬೆಳಕಿಗೆ ಹಿಡಿದರೆ ನಾರು ಸರಿದು ತೆಳುವಾದ ಜಾಗಗಳು ಕಾಣುತ್ತವೆ. ಬೂಷ್ಟಿನ ವಾಸನೆಯಿದ್ದರೆ ಬೇಡ. ಜಿಪ್ಪನ್ನು ಒಳಗಿನಿಂದಲೂ ಹೊರಗಿನಿಂದಲೂ ನಾಲ್ಕಾರು ಬಾರಿ ಎಳೆದು ನೋಡಬೇಕು. ತಲೆಯ ಭಾಗದ ದಾರ ಬಿಗಿಯಬೇಕು. ಸಂಕೋಚ ಪಡದೆ ಅಂಗಡಿಯಲ್ಲಿಯೇ ಒಳಹೊಕ್ಕು ಮಲಗಿ ಅಳತೆ ನೋಡುವುದು ಉತ್ತಮ. ಚೀಲ ಬಹಳ ದೊಡ್ಡದಾದರೆ ಅದರೊಳಗಿನ ಖಾಲಿ ಜಾಗವನ್ನೆಲ್ಲ ನಮ್ಮ ಮೈಯೇ ಕಾಯಿಸಬೇಕಾಗುತ್ತದೆ.

ಚೀಲದ ಮೇಲೆ ಬರೆದ ಡಿಗ್ರಿಯ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. ಸಾಮಾನ್ಯ ಜನರ ಚೀಲಗಳಿಗೆ 2002ರಲ್ಲಿ ಯುರೋಪಿನಲ್ಲಿ, ಬಳಿಕ 2016ರಲ್ಲಿ ಅಂತರರಾಷ್ಟ್ರೀಯವಾಗಿ ಒಂದು ಪರೀಕ್ಷಾ ವಿಧಾನ ಗೊತ್ತಾಯಿತು. ಅದರಲ್ಲಿ ಸುಖವಾಗಿ ಮಲಗಬಹುದಾದ ಉಷ್ಣತೆ ಬೇರೆ, ಮುದುಡಿಕೊಂಡು ಹೇಗೋ ತಡೆಯಬಹುದಾದ ಉಷ್ಣತೆ ಬೇರೆ. ಸುಖದ ಅಂಕಿಯನ್ನೇ ನೋಡಿ ಕೊಳ್ಳಬೇಕು. ಸೈನ್ಯದ ಚೀಲಗಳು ಆ ವಿಧಾನದ ವ್ಯಾಪ್ತಿಗೇ ಬರುವುದಿಲ್ಲ. ದಪ್ಪ ಉಡುಪು ತೊಟ್ಟು, ಹೊಟ್ಟೆ ತುಂಬ ಉಂಡು ಮಲಗುವ ಗಟ್ಟಿ ಮೈಯ ತರುಣನಿಗಾಗಿ ಅವು ಸಿದ್ಧವಾದವು. ಎಪ್ಪತ್ತರ ತಾಯಿಗೆ ಕೊಳ್ಳುವಾಗ ಆ ಅಂಕಿಗಿಂತ ಹತ್ತು ಡಿಗ್ರಿಯಷ್ಟಾದರೂ ಹೆಚ್ಚಿನ ರಕ್ಷಣೆಯನ್ನು ಎಣಿಸಿಕೊಳ್ಳುವುದು ವಿವೇಕ. ತಂಡದಲ್ಲಿ ಚಳಿ ತಡೆಯಲಾರದವರು ಯಾರೋ ಅವರನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಚೋಪ್ತಾಕ್ಕೆ ಮೊದಲು ಸಿಗುವ ಬನಿಯಾಕುಂಡದಲ್ಲಿ ನಾವು ಡೇರೆ ಹಾಕಿದೆವು. ಸುಮಾರು 2,600 ಮೀಟರು ಎತ್ತರದ ಹುಲ್ಲುಗಾವಲು ಅದು. ಸುತ್ತಲೂ ದೇವದಾರು, ಓಕ್ ಮರಗಳು. ಉತ್ತರಕ್ಕೆ 7,138 ಮೀಟರು ಎತ್ತರದ ಚೌಖಂಬಾ ಶಿಖರ ಸಂಜೆಯ ಬಿಸಿಲಿನಲ್ಲಿ ಕೆಂಪಾಗಿ ನಿಂತಿತ್ತು. ಸೂರ್ಯ ಮುಳುಗಿದ್ದೇ ತಡ, ಚಳಿ ನೆಲದಿಂದಲೇ ಏಳತೊಡಗಿತು. ಈ ನೆಲದ ಚಳಿಯನ್ನು ಅನೇಕರು ಮರೆಯುತ್ತಾರೆ. ಮೈಭಾರಕ್ಕೆ ಚೀಲದ ಅಡಿಭಾಗ ಅದುಮಿ ಹೋಗುವುದರಿಂದ ಕೆಳಗಿನಿಂದ ಅದು ರಕ್ಷಣೆ ಕೊಡದು. ಫೋಮ್ ಹಾಸಿಗೆಯೊಂದನ್ನು ಕೆಳಗೆ ಹಾಸಲೇಬೇಕು. ಅವ್ವನವರ ಕಂಬಳಿ ಇಲ್ಲಿ ಸಾರ್ಥಕವಾಯಿತು. ಅದನ್ನು ನಾಲ್ಕು ಮಡಿಕೆ ಮಾಡಿ ಫೋಮಿನ ಮೇಲೆ ಹಾಸಿದೆವು. ಭಾರವಾದ ಕಂಬಳಿಯನ್ನು ಚೀಲದ ಮೇಲೆ ಹೊದಿಸಿದರೆ ಉಬ್ಬಿದ ನಾರು ಅದುಮಿ ಹೋಗುತ್ತದೆ. ಕೆಳಗೆ ಹಾಸಿದರೆ ಎರಡರ ಗುಣವೂ ದೊರೆಯುತ್ತದೆ.

ಮಲಗುವ ಮುನ್ನ ಬಿಸಿಯಾದ ಊಟ, ಒಣಗಿದ ಕಾಲುಚೀಲ, ತಲೆಗೆ ಉಣ್ಣೆಯ ಟೋಪಿ ಇವಿಷ್ಟನ್ನು ನೇಮವಾಗಿ ಇಟ್ಟುಕೊಂಡೆವು. ಮುಖವನ್ನು ಚೀಲದೊಳಗೆ ಮುಚ್ಚಿಕೊಳ್ಳಬಾರದು. ಉಸಿರಿನ ತೇವ ನಾರಿಗೆ ಇಳಿದು ಬೆಳಗಿನ ಹೊತ್ತಿಗೆ ಚೀಲ ತಣ್ಣಗಾಗುತ್ತದೆ. ಮತ್ತೊಂದು ಮಾತನ್ನು ಕೈಮುಗಿದು ಹೇಳುತ್ತೇವೆ: ಚಳಿ ತಡೆಯಲಾರದೆ ಡೇರೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಳ್ಳುವುದು ಪ್ರಾಣಕ್ಕೇ ಎರವು. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ರೆಯಲ್ಲಿಯೇ ಅದು ಕೊಲ್ಲುತ್ತದೆ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ ಕಾಲಬಳಿ ಇಟ್ಟುಕೊಂಡರೆ ಸಾಕು.

ಆ ಬಾಟಲಿಯಿಂದ ಇನ್ನೊಂದು ಉಪಕಾರವೂ ಆಯಿತು. ಬೆಳಗಿನ ಜಾವ ಡೇರೆಯ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಹೊರಗಿಟ್ಟ ಕೊಡದ ನೀರಿನ ಮೇಲೆ ಮಂಜಿನ ಪದರ ಕಟ್ಟಿತ್ತು. ಚೀಲದೊಳಗಿದ್ದ ನೀರು ಮಾತ್ರ ಉಗುರು ಬೆಚ್ಚಗಿದ್ದಿತು. ಅವ್ವನವರು ಜಿಪ್ಪನ್ನು ಸೊಂಟದವರೆಗೆ ಸರಿಸಿ, ಕಾಲುಗಳನ್ನು ಚೀಲದಲ್ಲಿಯೇ ಇಟ್ಟುಕೊಂಡು ಎದ್ದು ಕುಳಿತರು. ಹಣೆಗೆ ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಂಡು, ಆ ನೀರಿನಿಂದಲೇ ಅಭಿಷೇಕ ಮಾಡಿ, ಎಂದಿನ ಹೊತ್ತಿಗೆ ಎಂದಿನ ಪೂಜೆಯನ್ನು ಸಾಂಗವಾಗಿ ಮುಗಿಸಿದರು. ಕೈ ನಡುಗಲಿಲ್ಲ. “ಬೆಚ್ಚಗ ನಿದ್ದಿ ಬಂತು ನೋಡ್ರಿ” ಎಂದಷ್ಟೇ ಹೇಳಿದರು. ಅದೇ ದಿನ ಅವರು ಕುದುರೆಯ ಮೇಲೆ ತುಂಗನಾಥವನ್ನು ಏರಿ ದರ್ಶನ ಪಡೆದರು.

ದೇವರನ್ನು ಅಂಗದ ಮೇಲೆಯೇ ಧರಿಸುವ ನಮಗೆ ಎಲ್ಲಿ ಹೋದರೂ ಗುಡಿ ಜೊತೆಗೇ ಇರುತ್ತದೆ. ಆ ಲಿಂಗವನ್ನು ಹೊತ್ತ ಕಾಯವನ್ನು ಕಾಪಾಡಿಕೊಳ್ಳುವುದೂ, ಅದಕ್ಕಾಗಿ ಬೇರೊಂದು ಜೀವಕ್ಕೆ ನೋವಾಗದಂತೆ ನೋಡಿಕೊಳ್ಳುವುದೂ ಒಂದೇ ಧರ್ಮದ ಎರಡು ಮುಖಗಳು. ಯಾತ್ರೆಯಿಂದ ಬಂದ ಮೇಲೆ ಚೀಲವನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಅದುಮಿ ಕಟ್ಟದೆ ಸಡಿಲವಾಗಿ ತೂಗುಹಾಕಿ ಇಟ್ಟರೆ ಅದು ಬಹುಕಾಲ ಬಾಳುತ್ತದೆ. ಓಣಿಯಲ್ಲಿ ಮತ್ತೊಬ್ಬರು ಕೇದಾರಕ್ಕೆ ಹೊರಟಾಗ ಅವರಿಗೆ ಎರವಲು ಕೊಡಬಹುದು. ಅದೂ ಒಂದು ದಾಸೋಹವೇ ಸರಿ. ನಮ್ಮ ಏಳು ಚೀಲಗಳು ಈಗ ಆ ಕೆಲಸಕ್ಕೆ ಸಿದ್ಧವಾಗಿವೆ. ಕೇದಾರದ ದರ್ಶನಕ್ಕೆ ಹೊರಡುವ ಎಲ್ಲ ಬಾಂಧವರ ಯಾತ್ರೆ ಸುಖಕರವಾಗಲಿ.