ಗಂಟೆ ಹೊಡೆದ ಮಾತ್ರಕ್ಕೆ…

ನಮ್ಮ ತಂದೆಯವರು ಗಮಕ ವಾಚನ ಮಾಡುತ್ತಿದ್ದುದು ಬಂಧುಗಳೆಲ್ಲರಿಗೂ ನೆನಪಿರಬಹುದು. ಅವರ ಹನ್ನೊಂದು ಕ್ಯಾಸೆಟ್ಟುಗಳನ್ನು ನಿವೃತ್ತಿಯ ನಂತರ ಕಂಪ್ಯೂಟರಿಗೆ ಇಳಿಸಿ, ಮನೆಯ ಮೂಲೆಯಲ್ಲಿರುವ ಹಳೆಯ ಲಿನಕ್ಸ್ ಯಂತ್ರದಲ್ಲಿ ಇರಿಸಿದ್ದೇನೆ. ಎಂಬತ್ತಾರರ ನನ್ನ ತಾಯಿ ಪ್ರತಿದಿನ ಬೆಳಿಗ್ಗೆ ಟ್ಯಾಬ್ಲೆಟ್ಟಿನಲ್ಲಿ ಆ ಪುಟವನ್ನು ತೆರೆದು ಕೇಳುತ್ತಾರೆ. ಆದರೆ ರಾತ್ರಿ ಕರೆಂಟು ಹೋಗಿ ಬಂದರೆ ಮರುದಿನ ಪುಟ ತೆರೆಯುತ್ತಿರಲಿಲ್ಲ. "ಇವತ್ತು ನಿಮ್ಮಪ್ಪ ಓದಲಿಲ್ಲವಲ್ಲೋ" ಎಂದು ಅಮ್ಮ ಹೇಳಿದಾಗ ಸಂಕಟವಾಗುತ್ತಿತ್ತು.

ವಿಚಿತ್ರವೆಂದರೆ, ವೆಬ್ ಸರ್ವರನ್ನು ನಾನೇ ಮತ್ತೆ ಆರಂಭಿಸಿದರೆ ಅದು ಸರಿಯಾಗಿ ನಡೆಯುತ್ತಿತ್ತು. ಯಂತ್ರದ ದಾಖಲೆಯನ್ನು ತೆರೆದು ನೋಡಿದೆ. ಕೇಳಿದ ವಿಳಾಸ ಲಭ್ಯವಿಲ್ಲ ಎಂಬ ದೂರು ಅಲ್ಲಿತ್ತು. 192.168.1.10 ಎಂಬ ವಿಳಾಸದಲ್ಲಿಯೇ ಕೆಲಸ ಮಾಡಬೇಕೆಂದು ಸರ್ವರಿಗೆ ನಾನೇ ಹೇಳಿದ್ದೆ. ಯಂತ್ರಕ್ಕೆ ರೂಟರಿನಿಂದ ಆ ವಿಳಾಸ ದೊರೆಯುವ ಮೊದಲೇ ಸರ್ವರ್ ಎದ್ದು, ಸೋತು, ಸುಮ್ಮನಾಗುತ್ತಿತ್ತು.

ಮೊದಲು, ಆರಂಭಕ್ಕೆ ಮುನ್ನ 30 ಸೆಕೆಂಡು ಕಾಯುವಂತೆ ಒಂದು ಸಾಲು ಸೇರಿಸಿದೆ. ಕೆಲವು ದಿನ ನಡೆಯಿತು. ರೂಟರ್ ತಡಮಾಡಿದ ದಿನ ಮತ್ತೆ ಅದೇ ಕಥೆ. ಫೋನಿನಲ್ಲಿ ಸೋದರಳಿಯ ನಕ್ಕ. "ಮಾವ, ಅದು ಅಂದಾಜು. ನೆಟ್‌ವರ್ಕ್ ಬಂದಿದೆಯೋ ಇಲ್ಲವೋ ಅಂತ ಯಂತ್ರವನ್ನೇ ಕೇಳಿ."

ಅವನು ವಿವರಿಸಿದ್ದು ಹೀಗೆ. ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಎರಡು ಗುರುತುಗಳಿವೆ. 'ನೆಟ್‌ವರ್ಕ್.ಟಾರ್ಗೆಟ್' ಎಂದರೆ ಜಾಲವನ್ನು ನೋಡಿಕೊಳ್ಳುವ ತಂತ್ರಾಂಶ ಎದ್ದಿದೆ ಎಂದಷ್ಟೇ ಅರ್ಥ, ವಿಳಾಸ ಸಿಕ್ಕಿದೆಯೆಂದಲ್ಲ. ನಿಜವಾಗಿ ಸಂಪರ್ಕ ಬರುವವರೆಗೆ ಕಾಯುವುದು 'ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್'. ಪ್ರಾರ್ಥನೆಯ ಗಂಟೆ ಹೊಡೆಯುವುದು ಬೇರೆ, ಮಕ್ಕಳು ಬಂದು ಬೆಂಚಿನಲ್ಲಿ ಕೂರುವುದು ಬೇರೆ. ನನ್ನ ಸರ್ವರ್ ಗಂಟೆಯನ್ನಷ್ಟೇ ಕೇಳಿ ಪಾಠಕ್ಕೆ ತೊಡಗಿತ್ತು.

'ಸಿಸ್ಟಮ್‌ಸಿಟಿಎಲ್ ಎಡಿಟ್' ಆದೇಶದಿಂದ ಸೇವೆಯ ಕಡತಕ್ಕೆ ಎರಡು ಸಾಲು ಸೇರಿಸಿದೆ. ಎರಡರಲ್ಲಿಯೂ ಆ ಆನ್‌ಲೈನ್ ಗುರುತಿನ ಹೆಸರೇ ಇದೆ. ಒಂದು 'ಆಫ್ಟರ್', ಇನ್ನೊಂದು 'ವಾಂಟ್ಸ್'. ಆಫ್ಟರ್ ಕೇವಲ ಸರದಿಯನ್ನು ಹೇಳುತ್ತದೆ. ಆ ಗುರುತನ್ನು ಯಾರೂ ಕರೆಯದಿದ್ದರೆ ಸರದಿಗೆ ಅರ್ಥವಿಲ್ಲ. ಕರೆಯುವುದು ವಾಂಟ್ಸ್. ಹೀಗಾಗಿ ಎರಡೂ ಬೇಕು.

ಆದರೆ ಈ ಕಾಯುವಿಕೆಗೂ ಮಿತಿಯಿದೆ. ಅವಧಿ ಮುಗಿದರೆ ನೆಟ್‌ವರ್ಕ್ ಬಾರದಿದ್ದರೂ ಸರ್ವರ್ ಏಳುತ್ತದೆ. ಆದ್ದರಿಂದ ಸೋತರೆ ಮತ್ತೆ ಪ್ರಯತ್ನಿಸಲು 'ರೀಸ್ಟಾರ್ಟ್=ಆನ್-ಫೇಲ್ಯೂರ್' ಎಂದೂ, ನಡುವೆ 10 ಸೆಕೆಂಡು ಬಿಡಲು 'ರೀಸ್ಟಾರ್ಟ್‌ಸೆಕ್=10' ಎಂದೂ ಬರೆದೆ. ಬಿಡುವು ಕೊಡದಿದ್ದರೆ ಅದು ಕ್ಷಣಮಾತ್ರದಲ್ಲಿ ಐದು ಸಲ ಸೋಲುತ್ತದೆ, ಸಿಸ್ಟಮ್‌ಡಿ ಕೈಬಿಡುತ್ತದೆ.

ಆ ಸಾಲನ್ನು ಬರೆಯುವಾಗ ನನಗೊಬ್ಬ ಹುಡುಗನ ನೆನಪಾಯಿತು. 1986ರಲ್ಲಿ, ಬಿ.ಎಡ್. ಮುಗಿಸಿ ಹೊಸದಾಗಿ ಸೇರಿದ್ದ ಶಾಲೆಯಲ್ಲಿ, ಗಂಟೆ ಹೊಡೆದೊಡನೆ ಹಾಜರಿ ಕರೆದು ಪುಸ್ತಕ ಮುಚ್ಚುತ್ತಿದ್ದೆ. ಹೊಳೆಯಾಚೆಯ ಊರಿನಿಂದ ದೋಣಿಯಲ್ಲಿ ಬರುತ್ತಿದ್ದ ಅವನು ಹತ್ತು ನಿಮಿಷ ತಡವಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದ. ನಾನು ಹೆಸರನ್ನು ಎರಡನೆಯ ಸಲ ಕರೆಯಲಿಲ್ಲ. ಹಾಜರಿ ಸಾಲದೆ ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಮರುವರ್ಷ ಜೂನಿನಲ್ಲಿ ಶಾಲೆಗೂ ಬರಲಿಲ್ಲ. ಶಿಸ್ತನ್ನು ಕಲಿಸುತ್ತಿದ್ದೇನೆಂದು ನಾನು ನಂಬಿದ್ದೆ.

ಮೊನ್ನೆ ರಾತ್ರಿ ಗುಡುಗಿಗೆ ಎರಡು ಸಲ ಕರೆಂಟು ಹೋಯಿತು. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಮ್ಮನ ಕೋಣೆಯಿಂದ ಅಪ್ಪನ ಧ್ವನಿ ಕೇಳಿಸುತ್ತಿತ್ತು. ಯಂತ್ರದ ತಪ್ಪನ್ನು ತಿದ್ದಲು ನಾಲ್ಕು ಸಾಲು ಸಾಕಾಯಿತು. ಆ ಹುಡುಗ ಎಲ್ಲಿದ್ದಾನೋ, ಈ ಬರಹ ಅವನ ಕಣ್ಣಿಗೆ ಬಿದ್ದರೆ ತನ್ನ ಮೇಷ್ಟ್ರನ್ನು ಕ್ಷಮಿಸಲಿ.